ಸಾಮ್ರಾಟ್ ಅಶೋಕ

ಅಶೋಕ (ಆಳ್ವಿಕೆ: ಸುಮಾರು ಕ್ರಿ.ಪೂ. 268–232) ಮೌರ್ಯ ವಂಶದ ಮೂರನೆಯ ಚಕ್ರವರ್ತಿ. ಈತನು ಚಂದ್ರಗುಪ್ತ ಮೌರ್ಯನ ಮೊಮ್ಮಗ ಮತ್ತು ಬಿಂದುಸಾರನ ಮಗ. ಪಾಟಲಿಪುತ್ರವನ್ನು (ಇಂದಿನ ಪಟ್ನಾ) ರಾಜಧಾನಿಯಾಗಿಸಿಕೊಂಡು ಭಾರತ ಉಪಖಂಡದ ಬಹುಭಾಗವನ್ನು ಆಳಿದನು. ಕಳಿಂಗ ಯುದ್ಧದ ನಂತರ ದಿಗ್ವಿಜಯದ ನೀತಿಯನ್ನು ಕೈಬಿಟ್ಟು, ತಾನು ಧಮ್ಮ ಎಂದು ಕರೆದ ನಡತೆಯ ನಿಯಮಗಳನ್ನು ಪ್ರಜೆಗಳಿಗೆ ತಿಳಿಸಲು ಬಂಡೆಗಳ ಮೇಲೆ, ಕಲ್ಲಿನ ಕಂಬಗಳ ಮೇಲೆ ಶಾಸನಗಳನ್ನು ಕೊರೆಸಿದನು. ಬಯಲಿನಲ್ಲಿ, ಸಾರ್ವಜನಿಕರ ಕಣ್ಣಿಗೆ ಬೀಳುವಂತೆ ಬರೆಸಿದ ಈ ಬರಹಗಳೇ ಅವನ ಜೀವನಚರಿತ್ರೆಗೆ ಮುಖ್ಯ ಆಧಾರ.

ಈ ಶಾಸನಗಳಲ್ಲಿ ಹೆಚ್ಚಿನವು ಅರಸನನ್ನು ಬಿರುದುಗಳಿಂದ ಮಾತ್ರ ಕರೆಯುತ್ತವೆ. ಅಶೋಕ ಎಂಬ ಹೆಸರನ್ನು ಅವನದೇ ಶಾಸನದಲ್ಲಿ ಮೊದಲ ಬಾರಿಗೆ ತೋರಿಸಿಕೊಟ್ಟದ್ದು ಕರ್ನಾಟಕದ ರಾಯಚೂರು ಜಿಲ್ಲೆಯ ಮಸ್ಕಿಯ ಬಂಡೆ. 1915ರಲ್ಲಿ ಬೆಳಕಿಗೆ ಬಂದ ಈ ಶಾಸನದಿಂದ, ಬೌದ್ಧ ಗ್ರಂಥಗಳ ಅಶೋಕನೂ ಶಾಸನಗಳ ದೇವಾನಾಂಪ್ರಿಯನೂ ಒಬ್ಬನೇ ಎಂಬುದು ಖಚಿತವಾಯಿತು.

ಆರಂಭಿಕ ಜೀವನ

ಅಶೋಕನ ಬಾಲ್ಯ ಮತ್ತು ಯೌವನದ ವಿವರಗಳು ಅವನ ಶಾಸನಗಳಲ್ಲಿ ಇಲ್ಲ. ಅವು ಬೌದ್ಧ ಸಾಹಿತ್ಯದಿಂದ ತಿಳಿದುಬರುತ್ತವೆ. ಶ್ರೀಲಂಕಾದ ದೀಪವಂಸ ಹಾಗೂ ಮಹಾವಂಸ, ಉತ್ತರ ಭಾರತದ ಸಂಸ್ಕೃತ ಗ್ರಂಥಗಳಾದ ದಿವ್ಯಾವದಾನ ಹಾಗೂ ಅಶೋಕಾವದಾನ ಇವುಗಳಲ್ಲಿ ಪ್ರಮುಖವಾದವು. ಇವೆಲ್ಲ ಅಶೋಕನ ಕಾಲಕ್ಕಿಂತ ಬಹಳ ನಂತರ ರಚಿತವಾದವು. ಅವುಗಳ ಕಥನಗಳು ಎಲ್ಲ ಕಡೆಯೂ ಒಂದಕ್ಕೊಂದು ಹೊಂದುವುದಿಲ್ಲ.

ಈ ಪರಂಪರೆಯ ಪ್ರಕಾರ ಅಶೋಕನು ತಂದೆಯ ಕಾಲದಲ್ಲಿ ಉಜ್ಜಯಿನಿಯ ಪ್ರಾಂತ್ಯಾಧಿಕಾರಿಯಾಗಿದ್ದನು. ತಕ್ಷಶಿಲೆಯಲ್ಲಿ ಎದ್ದ ದಂಗೆಯನ್ನು ಶಮನಗೊಳಿಸಲು ಅವನನ್ನು ಕಳುಹಿಸಲಾಗಿತ್ತು ಎಂದು ದಿವ್ಯಾವದಾನ ಹೇಳುತ್ತದೆ. ವಿದಿಶೆಯ ವರ್ತಕನ ಮಗಳಾದ ದೇವಿಯನ್ನು ವಿವಾಹವಾದನೆಂದೂ, ಮಹಿಂದ ಮತ್ತು ಸಂಘಮಿತ್ತೆಯರು ಅವರ ಮಕ್ಕಳೆಂದೂ ಶ್ರೀಲಂಕಾದ ಗ್ರಂಥಗಳು ತಿಳಿಸುತ್ತವೆ. ಶಾಸನಗಳಲ್ಲಿ ಹೆಸರಿನಿಂದ ಉಲ್ಲೇಖವಾಗಿರುವ ರಾಣಿ ಒಬ್ಬಳೇ. ಅವಳು ತೀವರ ಎಂಬ ರಾಜಕುಮಾರನ ತಾಯಿಯಾದ ಕಾರುವಾಕಿ. ಅವಳು ನೀಡಿದ ದಾನಗಳನ್ನು ಅವಳ ಹೆಸರಿನಲ್ಲಿಯೇ ದಾಖಲಿಸಬೇಕೆಂಬ ಆಜ್ಞೆ ಅಲಹಾಬಾದ್ ಸ್ತಂಭದ ಮೇಲಿದೆ.

ಬಿಂದುಸಾರನ ಮರಣದ ನಂತರ ಸಿಂಹಾಸನಕ್ಕಾಗಿ ಸಹೋದರರ ನಡುವೆ ಕಲಹ ನಡೆಯಿತೆಂದೂ, ಅಶೋಕನು ಅಧಿಕಾರ ಹಿಡಿದ ನಾಲ್ಕು ವರ್ಷಗಳ ಬಳಿಕವೇ ಪಟ್ಟಾಭಿಷೇಕ ನೆರವೇರಿತೆಂದೂ ಶ್ರೀಲಂಕಾದ ಪರಂಪರೆ ಹೇಳುತ್ತದೆ. ಅವನು ತನ್ನ ತೊಂಬತ್ತೊಂಬತ್ತು ಸಹೋದರರನ್ನು ಕೊಲ್ಲಿಸಿದನೆಂಬ ಕಥೆಯನ್ನು ಇತಿಹಾಸಕಾರರು ಅತಿಶಯೋಕ್ತಿಯೆಂದು ಪರಿಗಣಿಸುತ್ತಾರೆ. ಅಶೋಕನು ತನ್ನ ಶಾಸನಗಳಲ್ಲಿ ಹಲವು ಘಟನೆಗಳನ್ನು ಪಟ್ಟಾಭಿಷೇಕದಿಂದ ಎಣಿಸಿದ ವರ್ಷಗಳಲ್ಲಿ ಹೇಳುತ್ತಾನೆ. ಆದ್ದರಿಂದ ಅವನ ಜೀವನದ ಕಾಲಾನುಕ್ರಮವನ್ನು ರೂಪಿಸಲು ಸಾಧ್ಯವಾಗಿದೆ.

ಕಳಿಂಗ ಯುದ್ಧ

ಪಟ್ಟಾಭಿಷೇಕವಾಗಿ ಎಂಟು ವರ್ಷಗಳು ಕಳೆದಾಗ ಅಶೋಕನು ಪೂರ್ವ ಕರಾವಳಿಯ ಕಳಿಂಗದ (ಇಂದಿನ ಒಡಿಶಾ ಮತ್ತು ಅದರ ಸುತ್ತಲಿನ ಭಾಗ) ಮೇಲೆ ಯುದ್ಧ ಮಾಡಿ ಅದನ್ನು ಗೆದ್ದನು. 13ನೆಯ ಬಂಡೆಶಾಸನದ ಪ್ರಕಾರ ಒಂದೂವರೆ ಲಕ್ಷ ಜನರನ್ನು ಸೆರೆಹಿಡಿದು ಸಾಗಿಸಲಾಯಿತು, ಒಂದು ಲಕ್ಷ ಜನ ಕೊಲ್ಲಲ್ಪಟ್ಟರು, ಅದರ ಹಲವು ಪಟ್ಟು ಜನ ಸತ್ತರು. ಯುದ್ಧದಲ್ಲಿ ನೇರವಾಗಿ ಪಾಲ್ಗೊಳ್ಳದವರೂ ತಮ್ಮ ಬಂಧುಮಿತ್ರರ ಕಷ್ಟದಿಂದ ನೊಂದರೆಂಬುದನ್ನು ಅರಸನು ಅದೇ ಶಾಸನದಲ್ಲಿ ಒಪ್ಪಿಕೊಂಡು ಪಶ್ಚಾತ್ತಾಪವನ್ನು ಪ್ರಕಟಿಸಿದ್ದಾನೆ. ಗೆದ್ದ ಅರಸನೊಬ್ಬನು ತನ್ನ ವಿಜಯವನ್ನೇ ದುಃಖದ ಸಂಗತಿಯೆಂದು ಸಾರ್ವಜನಿಕವಾಗಿ ಬರೆಸಿದ್ದು ಪ್ರಾಚೀನ ಇತಿಹಾಸದಲ್ಲಿ ಅಪರೂಪ.

ಈ ಪಶ್ಚಾತ್ತಾಪದ ಶಾಸನ ಕಳಿಂಗದಲ್ಲಿ ಮಾತ್ರ ಇಲ್ಲ. ಧೌಲಿ ಮತ್ತು ಜೌಗಡದ ಬಂಡೆಗಳಲ್ಲಿ 11, 12 ಮತ್ತು 13ನೆಯ ಶಾಸನಗಳನ್ನು ಬಿಟ್ಟು, ಅವುಗಳ ಬದಲಿಗೆ ಎರಡು ಪ್ರತ್ಯೇಕ ಶಾಸನಗಳನ್ನು ಕೊರೆಯಲಾಗಿದೆ. ಪ್ರಜೆಗಳೆಲ್ಲ ತನ್ನ ಮಕ್ಕಳೆಂಬ ಭಾವನೆಯನ್ನು ಅಶೋಕನು ಇವುಗಳಲ್ಲಿ ವ್ಯಕ್ತಪಡಿಸಿ, ಕಾರಣವಿಲ್ಲದೆ ಯಾರನ್ನೂ ಸೆರೆಯಲ್ಲಿಡಬಾರದು, ಹಿಂಸಿಸಬಾರದು ಎಂದು ಅಲ್ಲಿನ ಅಧಿಕಾರಿಗಳಿಗೆ ಎಚ್ಚರಿಕೆ ನೀಡಿದ್ದಾನೆ. ಯಾವ ಮಾತನ್ನು ಎಲ್ಲಿ ಬರೆಸಬೇಕು ಎಂಬ ವಿವೇಚನೆ ಆಡಳಿತದಲ್ಲಿತ್ತು ಎಂಬುದಕ್ಕೆ ಇದು ಸ್ಪಷ್ಟ ನಿದರ್ಶನ.

ಬೌದ್ಧಮತ ಮತ್ತು ಧಮ್ಮ

ಅಶೋಕನು ಬೌದ್ಧ ಉಪಾಸಕನಾದದ್ದು ಒಂದೇ ದಿನದ ಪರಿವರ್ತನೆಯಲ್ಲ. ಎರಡೂವರೆ ವರ್ಷಗಳಿಗೂ ಹೆಚ್ಚು ಕಾಲದಿಂದ ತಾನು ಉಪಾಸಕನಾಗಿದ್ದರೂ ಮೊದಲು ಹೆಚ್ಚಿನ ಉತ್ಸಾಹ ತೋರಿರಲಿಲ್ಲವೆಂದೂ, ಸಂಘದ ಸಮೀಪಕ್ಕೆ ಬಂದ ಮೇಲೆ ಒಂದು ವರ್ಷಕ್ಕೂ ಮಿಕ್ಕಿ ಶ್ರದ್ಧೆಯಿಂದ ಶ್ರಮಿಸಿದೆನೆಂದೂ ಅವನ ಕಿರು ಬಂಡೆಶಾಸನಗಳು ಹೇಳುತ್ತವೆ. ಪಟ್ಟಾಭಿಷೇಕದ 10ನೆಯ ವರ್ಷದಲ್ಲಿ ಬುದ್ಧನಿಗೆ ಜ್ಞಾನೋದಯವಾದ ಬೋಧಗಯೆಗೆ ಹೋದನು. ಆ ಬಳಿಕ ಬೇಟೆಯ ಪ್ರವಾಸಗಳ ಬದಲು ಧಮ್ಮಯಾತ್ರೆಗಳನ್ನು ಕೈಗೊಂಡನು. 20ನೆಯ ವರ್ಷದಲ್ಲಿ ಬುದ್ಧನ ಜನ್ಮಸ್ಥಳವಾದ ಲುಂಬಿನಿಗೆ ಭೇಟಿ ನೀಡಿ, ಆ ಗ್ರಾಮಕ್ಕೆ ಬಲಿ ಎಂಬ ತೆರಿಗೆಯಿಂದ ವಿನಾಯಿತಿ ನೀಡಿ, ಬೆಳೆಯಲ್ಲಿ ಸಲ್ಲಬೇಕಾದ ಪಾಲನ್ನು ಎಂಟನೆಯ ಒಂದು ಭಾಗಕ್ಕೆ ಇಳಿಸಿದನು. ಅಲ್ಲಿ ನಿಲ್ಲಿಸಿದ ಕಂಬ ಇಂದಿಗೂ ಇದೆ.

ಅಶೋಕನು ಪ್ರಜೆಗಳಿಗೆ ಬೋಧಿಸಿದ ಧಮ್ಮ ಬೌದ್ಧ ಸಿದ್ಧಾಂತದ ವಿವರಣೆಯಾಗಿರಲಿಲ್ಲ. ತಂದೆತಾಯಿಯರ ಸೇವೆ, ಗುರುಹಿರಿಯರಿಗೆ ಗೌರವ, ದಾಸರು ಮತ್ತು ಆಳುಗಳೊಂದಿಗೆ ಸೌಜನ್ಯ, ಪ್ರಾಣಿಗಳ ಮೇಲೆ ದಯೆ, ಸತ್ಯ, ಮಿತವ್ಯಯ ಇವು ಅದರ ಅಂಶಗಳು. ತನ್ನ ಪಂಥವನ್ನು ಹೊಗಳಿ ಇತರರ ಪಂಥವನ್ನು ನಿಂದಿಸುವವನು ತನ್ನ ಪಂಥಕ್ಕೇ ಹಾನಿ ಮಾಡುತ್ತಾನೆ ಎಂಬುದು 12ನೆಯ ಬಂಡೆಶಾಸನದ ತಾತ್ಪರ್ಯ. ಗಯೆಯ ಸಮೀಪದ ಬರಾಬರ್ ಬೆಟ್ಟದ ಗುಹೆಗಳನ್ನು ಅವನು ಆಜೀವಿಕ ಪಂಥದವರಿಗೆ ದಾನ ಮಾಡಿದ್ದು ಈ ನಿಲುವಿಗೆ ಹೊಂದುತ್ತದೆ.

ಪಾಟಲಿಪುತ್ರದಲ್ಲಿ ಮೊಗ್ಗಲಿಪುತ್ತ ತಿಸ್ಸನ ನೇತೃತ್ವದಲ್ಲಿ ಮೂರನೆಯ ಬೌದ್ಧ ಸಂಗೀತಿ ನಡೆಯಿತೆಂದೂ, ಆ ನಂತರ ನಾನಾ ದೇಶಗಳಿಗೆ ಭಿಕ್ಷುಗಳನ್ನು ಕಳುಹಿಸಲಾಯಿತೆಂದೂ ಮಹಾವಂಸ ಹೇಳುತ್ತದೆ. ಮಹಿಂದನು ಶ್ರೀಲಂಕಾಕ್ಕೆ, ಮಹಾದೇವ ಎಂಬ ಭಿಕ್ಷು ಮಹಿಷಮಂಡಲಕ್ಕೆ, ರಕ್ಖಿತ ಎಂಬುವನು ವನವಾಸಕ್ಕೆ ಹೋದರೆಂದು ಅದರಲ್ಲಿದೆ. ವನವಾಸವನ್ನು ಉತ್ತರ ಕನ್ನಡದ ಬನವಾಸಿಯೆಂದು ಗುರುತಿಸಲಾಗಿದೆ. ಮಹಿಷಮಂಡಲವನ್ನು ಹಲವರು ಮೈಸೂರು ಸೀಮೆಯೆಂದು ಭಾವಿಸುತ್ತಾರೆ.

ಆಡಳಿತ ಮತ್ತು ಲೋಕೋಪಯೋಗಿ ಕಾರ್ಯಗಳು

ರಾಜ್ಯವನ್ನು ತಕ್ಷಶಿಲೆ, ಉಜ್ಜಯಿನಿ, ತೋಸಲಿ, ಸುವರ್ಣಗಿರಿ ಎಂಬ ಪ್ರಾಂತೀಯ ಕೇಂದ್ರಗಳಿಂದ ನೋಡಿಕೊಳ್ಳಲಾಗುತ್ತಿತ್ತು. ಮಹಾಮಾತ್ರ, ರಾಜುಕ, ಪ್ರಾದೇಶಿಕ ಮುಂತಾದ ಅಧಿಕಾರಿಗಳಿದ್ದರು. 13ನೆಯ ವರ್ಷದಲ್ಲಿ ಧಮ್ಮ ಮಹಾಮಾತ್ರರೆಂಬ ಹೊಸ ಹುದ್ದೆಯನ್ನು ಸೃಷ್ಟಿಸಿದನು. ತಾನು ಊಟದಲ್ಲಿರಲಿ, ಅಂತಃಪುರದಲ್ಲಿರಲಿ, ಉದ್ಯಾನದಲ್ಲಿರಲಿ, ಪ್ರಜೆಗಳ ವಿಷಯವನ್ನು ಯಾವ ಹೊತ್ತಿನಲ್ಲಾದರೂ ತನಗೆ ತಿಳಿಸಬೇಕೆಂದು ಅಧಿಕಾರಿಗಳಿಗೆ ಆದೇಶಿಸಿದ್ದನು. ಮರಣದಂಡನೆಯನ್ನು ಅವನು ರದ್ದುಪಡಿಸಲಿಲ್ಲ. ಶಿಕ್ಷೆಗೆ ಗುರಿಯಾದವರಿಗೆ ಮೂರು ದಿನಗಳ ಅವಧಿಯನ್ನು ನೀಡಿದನು.

ಮನುಷ್ಯರಿಗೂ ಪ್ರಾಣಿಗಳಿಗೂ ಚಿಕಿತ್ಸೆಯ ಏರ್ಪಾಡು, ಔಷಧಿಯ ಗಿಡಗಳನ್ನು ತರಿಸಿ ನೆಡಿಸುವುದು, ರಸ್ತೆಯ ಬದಿಯಲ್ಲಿ ಆಲದ ಮರಗಳನ್ನೂ ಮಾವಿನ ತೋಪುಗಳನ್ನೂ ಬೆಳೆಸುವುದು, ದಾರಿಯುದ್ದಕ್ಕೂ ಬಾವಿ ಮತ್ತು ತಂಗುದಾಣಗಳನ್ನು ಕಟ್ಟಿಸುವುದು ಅವನ ಕಾರ್ಯಗಳಾಗಿದ್ದವು. ಪ್ರಯಾಣಿಕನ ನೆರಳು ಮತ್ತು ನೀರಿನ ಬಗ್ಗೆ ಯೋಚಿಸಿದ ಈ ಆಡಳಿತವೇ ಪ್ರಯಾಣಿಕನು ನೋಡುವ ಅಕ್ಷರಗಳ ಬಗ್ಗೆಯೂ ಯೋಚಿಸಿತು. ಅನೇಕ ಶಾಸನಗಳು ಹಳೆಯ ವ್ಯಾಪಾರ ಮಾರ್ಗಗಳು, ಪಟ್ಟಣಗಳು, ಯಾತ್ರಾಸ್ಥಳಗಳು ಹಾಗೂ ಗಣಿ ಪ್ರದೇಶಗಳ ಸಮೀಪದಲ್ಲಿಯೇ ಇವೆ.

ಬಯಲಿನ ಬರಹಕ್ಕೆ ಕಲ್ಲಿನ ಆಯ್ಕೆ

ಅಶೋಕನಿಗಿಂತ ಮೊದಲು ಭಾರತದಲ್ಲಿ ಇಷ್ಟು ವ್ಯಾಪಕವಾಗಿ ಕಲ್ಲಿನ ಮೇಲೆ ರಾಜಾಜ್ಞೆಗಳನ್ನು ಬರೆಸಿದ ಅರಸನಿಲ್ಲ. ಎಲೆ, ಬಟ್ಟೆ, ಮರ ಮುಂತಾದವು ಮಳೆ, ಬಿಸಿಲು, ಗೆದ್ದಲುಗಳಿಗೆ ತುತ್ತಾಗುವ ವಸ್ತುಗಳು. ತನ್ನ ಧಮ್ಮಲಿಪಿ ಬಹುಕಾಲ ಉಳಿಯಬೇಕು, ಮಕ್ಕಳು ಮೊಮ್ಮಕ್ಕಳ ಕಾಲದಲ್ಲಿಯೂ ಜನ ಅದನ್ನು ಅನುಸರಿಸಬೇಕು ಎಂಬ ಉದ್ದೇಶವನ್ನು ಅಶೋಕನು ಹಲವು ಶಾಸನಗಳಲ್ಲಿ ಸ್ಪಷ್ಟಪಡಿಸಿದ್ದಾನೆ. ಬಂಡೆಗಳಿರುವಲ್ಲಿ ಬಂಡೆಯ ಮೇಲೆ, ಕಲ್ಲಿನ ಕಂಬಗಳಿರುವಲ್ಲಿ ಕಂಬದ ಮೇಲೆ ಬರೆಸಬೇಕೆಂಬ ಸೂಚನೆ ಉತ್ತರ ಭಾರತದ ಕಿರು ಬಂಡೆಶಾಸನಗಳಲ್ಲಿದೆ. 27ನೆಯ ವರ್ಷದ 7ನೆಯ ಸ್ತಂಭಶಾಸನವು ಕಂಬಗಳ ಜೊತೆಗೆ ಕಲ್ಲಿನ ಫಲಕಗಳನ್ನೂ ಹೆಸರಿಸುತ್ತದೆ.

ಬರಹದ ಮೇಲ್ಮೈಯನ್ನು ಆಧರಿಸಿ ಈ ಶಾಸನಗಳನ್ನು ಹೀಗೆ ವರ್ಗೀಕರಿಸಲಾಗುತ್ತದೆ:

ಕಿರು ಬಂಡೆಶಾಸನಗಳು: ಇವು ಅತ್ಯಂತ ಹಳೆಯವು. ಸಾಮಾನ್ಯವಾಗಿ ಸಹಜ ಬಂಡೆಯ ಮೇಲೆ, ಹೆಚ್ಚು ನಯಗೊಳಿಸದೆ ಕೊರೆಯಲಾಗಿದೆ. ಮಸ್ಕಿಯ ಶಾಸನ ಈ ಗುಂಪಿನದು.

ಪ್ರಧಾನ ಬಂಡೆಶಾಸನಗಳು: 14 ಶಾಸನಗಳ ಸರಣಿ. ಗಿರ್ನಾರ್, ಕಾಲ್ಸಿ, ಧೌಲಿ, ಜೌಗಡ, ಎರ್ರಗುಡಿ, ಶಹಬಾಜ್‌ಗಢಿ, ಮಾನ್ಸೆಹ್ರಾ ಮುಂತಾದ ಕಡೆಗಳಲ್ಲಿವೆ. ಧೌಲಿಯಲ್ಲಿ ಬರಹದ ಮೇಲ್ಭಾಗದ ಬಂಡೆಯನ್ನು ಆನೆಯ ಮುಂಭಾಗದ ಆಕಾರಕ್ಕೆ ಕಡೆಯಲಾಗಿದೆ. ಕಾಲ್ಸಿಯ ಬಂಡೆಯ ಮೇಲೆ ಆನೆಯ ರೇಖಾಚಿತ್ರವಿದೆ.

ಸ್ತಂಭಶಾಸನಗಳು: ಆಳ್ವಿಕೆಯ 26 ಮತ್ತು 27ನೆಯ ವರ್ಷಗಳವು. ಇಡಿಯಾದ ಮರಳುಗಲ್ಲಿನ, ಕನ್ನಡಿಯಂತೆ ಹೊಳೆಯುವ ಕಂಬಗಳ ಮೇಲಿವೆ. ಕಂಬಗಳ ಎತ್ತರ ಸುಮಾರು 12ರಿಂದ 15 ಮೀಟರ್. ವಾರಾಣಸಿ ಸಮೀಪದ ಚುನಾರ್‌ನ ಕಲ್ಲುಗಣಿಗಳಿಂದ ಈ ಕಲ್ಲನ್ನು ತರಲಾಗಿತ್ತೆಂದು ಸಾಮಾನ್ಯವಾಗಿ ಅಭಿಪ್ರಾಯಪಡಲಾಗಿದೆ.

ಗಟ್ಟಿಯಾದ ಕಲ್ಲು ಬಹುಕಾಲ ಬಾಳಿದರೂ ಅದರ ಮೇಲೆ ಅಕ್ಷರ ಕೊರೆಯುವುದು ಕಷ್ಟ, ಗೆರೆ ಆಳವಾಗುವುದಿಲ್ಲ. ಮೃದುವಾದ ಮರಳುಗಲ್ಲಿನಲ್ಲಿ ಅಕ್ಷರಗಳು ದುಂಡಾಗಿ, ಅಚ್ಚುಕಟ್ಟಾಗಿ ಮೂಡುತ್ತವೆ, ಆದರೆ ಅಂತಹ ಕಲ್ಲು ಎಲ್ಲೆಡೆ ದೊರೆಯುವುದಿಲ್ಲ. ಗಂಗಾ ಬಯಲಿನಲ್ಲಿ ಬಂಡೆಗಳು ವಿರಳವಾದ್ದರಿಂದ ಅಲ್ಲಿ ಕಂಬಗಳನ್ನು ಸಾಗಿಸಿ ನಿಲ್ಲಿಸಲಾಯಿತು. ದಖ್ಖನ್ನಿನಲ್ಲಿ ಊರೂರಿಗೂ ಬಂಡೆಗಳಿದ್ದುದರಿಂದ ಸ್ಥಳೀಯ ಕಲ್ಲನ್ನೇ ಬಳಸಲಾಯಿತು. ಕೊರೆದ ಅಕ್ಷರಕ್ಕೆ ಬಣ್ಣದ ಆಸರೆಯಿಲ್ಲ, ಗೆರೆಯೊಳಗೆ ಬೀಳುವ ನೆರಳೇ ಅದನ್ನು ಕಾಣಿಸುತ್ತದೆ. ಆದ್ದರಿಂದ ಬೆಳಗಿನ ಮತ್ತು ಸಂಜೆಯ ಓರೆ ಬಿಸಿಲಿನಲ್ಲಿ ಇಂತಹ ಶಾಸನಗಳು ಸ್ಪಷ್ಟವಾಗಿ, ನಡುಹಗಲಿನ ನೇರ ಬಿಸಿಲಿನಲ್ಲಿ ಮಸುಕಾಗಿ ತೋರುತ್ತವೆ. ವಾಹನದ ದೀಪದ ಬೆಳಕನ್ನು ಅದು ಬಂದ ಕಡೆಗೇ ಹಿಂದಿರುಗಿಸುವ ಹಾಳೆಯಿಂದ ಮಾಡಿದ ಇಂದಿನ ರಸ್ತೆ ಫಲಕಗಳು ರಾತ್ರಿಯಲ್ಲಿ ಓದಿಸಿಕೊಳ್ಳುತ್ತವೆ. ಅವುಗಳ ಬಾಳಿಕೆ ಕೆಲವು ವರ್ಷಗಳದು. ಅಶೋಕನ ಬರಹಗಳು ಹಗಲಿನ ಬೆಳಕನ್ನೇ ನಂಬಿದವು, ಬಾಳಿಕೆಗೆ ಮೊದಲ ಸ್ಥಾನ ನೀಡಿದವು.

ಲಿಪಿ ಮತ್ತು ಭಾಷೆಯ ಆಯ್ಕೆಯೂ ಸ್ಥಳವನ್ನು ಅನುಸರಿಸಿತ್ತು. ಹೆಚ್ಚಿನ ಶಾಸನಗಳು ಪ್ರಾಕೃತ ಭಾಷೆಯಲ್ಲಿ, ಬ್ರಾಹ್ಮಿ ಲಿಪಿಯಲ್ಲಿವೆ. ವಾಯವ್ಯದ ಶಹಬಾಜ್‌ಗಢಿ ಮತ್ತು ಮಾನ್ಸೆಹ್ರಾಗಳಲ್ಲಿ ಬಲದಿಂದ ಎಡಕ್ಕೆ ಓದುವ ಖರೋಷ್ಠಿಯನ್ನೂ, ಅಫ್ಘಾನಿಸ್ತಾನದ ಕಂದಹಾರದಲ್ಲಿ ಗ್ರೀಕ್ ಮತ್ತು ಅರಾಮಿಕ್ ಭಾಷೆಗಳನ್ನೂ ಬಳಸಲಾಗಿದೆ.

ಓದು ಬಾರದವರಿಗಾಗಿ ಬೇರೆ ಏರ್ಪಾಡಿತ್ತು. ಕಳಿಂಗದ ಪ್ರತ್ಯೇಕ ಶಾಸನಗಳನ್ನು ತಿಷ್ಯ ನಕ್ಷತ್ರದ ದಿನಗಳಲ್ಲಿ ಓದಿ ಕೇಳಿಸಬೇಕಿತ್ತು. ನಡುವಿನ ದಿನಗಳಲ್ಲಿ ಒಬ್ಬನೇ ಕೇಳುಗನಿದ್ದರೂ ಓದಬಹುದಿತ್ತು. ಎರ್ರಗುಡಿಯ ಕಿರು ಶಾಸನದಲ್ಲಿ ರಾಜುಕನು ಭೇರಿ ಹೊಡೆಸಿ ಗ್ರಾಮೀಣ ಜನರಿಗೆ ಆಜ್ಞೆಯನ್ನು ತಿಳಿಸಬೇಕೆಂಬ ಸೂಚನೆ ಇದೆ. ಹೀಗೆ ಕಲ್ಲಿನ ಬರಹ ಮತ್ತು ಬಾಯಿಮಾತಿನ ಡಂಗುರ ಒಂದಕ್ಕೊಂದು ಪೂರಕವಾಗಿದ್ದವು.

ಬರಹದ ಕೆಲಸದಲ್ಲಿ ದೋಷಗಳು ನುಸುಳುತ್ತವೆ ಎಂಬುದನ್ನೂ ಅಶೋಕನು ಬಲ್ಲವನಾಗಿದ್ದನು. ರಾಜ್ಯ ವಿಶಾಲವಾದುದರಿಂದ ಎಲ್ಲವನ್ನೂ ಎಲ್ಲ ಕಡೆ ಬರೆಸಿಲ್ಲ, ಕೆಲವು ಸಂಕ್ಷಿಪ್ತವಾಗಿವೆ, ಕೆಲವು ಮಧ್ಯಮವಾಗಿವೆ, ಕೆಲವು ವಿಸ್ತಾರವಾಗಿವೆ, ಅಪೂರ್ಣವಾದವುಗಳಿಗೆ ಸ್ಥಳವೋ ಲಿಪಿಕಾರನ ತಪ್ಪೋ ಕಾರಣವಿರಬಹುದು ಎಂಬ ಅರ್ಥದ ವಿವರಣೆ 14ನೆಯ ಬಂಡೆಶಾಸನದಲ್ಲಿದೆ. ಎರ್ರಗುಡಿಯ ಕಿರು ಶಾಸನದಲ್ಲಿ ಕೆಲವು ಸಾಲುಗಳು ಎಡದಿಂದ ಬಲಕ್ಕೂ ಕೆಲವು ಬಲದಿಂದ ಎಡಕ್ಕೂ ಸಾಗುತ್ತವೆ.

ಕರ್ನಾಟಕದಲ್ಲಿ ಅಶೋಕನ ಶಾಸನಗಳು

ಕರ್ನಾಟಕದಲ್ಲಿ ಅಶೋಕನ ಶಾಸನಗಳು ಹೆಚ್ಚಿನ ಸಂಖ್ಯೆಯಲ್ಲಿ ದೊರೆತಿವೆ. 1892ರಲ್ಲಿ ಬಿ. ಎಲ್. ರೈಸ್ ಅವರು ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರಗಳಲ್ಲಿ ಮೂರು ಶಾಸನಗಳನ್ನು ಪತ್ತೆಮಾಡಿದರು. ಸುವರ್ಣಗಿರಿಯಲ್ಲಿದ್ದ ರಾಜಪುತ್ರ ಹಾಗೂ ಮಹಾಮಾತ್ರರು ಇಸಿಲದ ಮಹಾಮಾತ್ರರಿಗೆ ಕಳುಹಿಸಿದ ಆಜ್ಞೆಯ ರೂಪದಲ್ಲಿ ಈ ಶಾಸನಗಳಿವೆ. ಇಸಿಲ ಎಂಬುದು ಕನ್ನಡ ಪದವೆಂದು ಡಿ. ಎಲ್. ನರಸಿಂಹಾಚಾರ್ ಅಭಿಪ್ರಾಯಪಟ್ಟಿದ್ದಾರೆ. ಈ ಶಾಸನಗಳನ್ನು ಬರೆದ ಲಿಪಿಕಾರನ ಹೆಸರು ಚಪಡ. ಅವನು ಬ್ರಾಹ್ಮಿಯಲ್ಲಿ ಶಾಸನ ಬರೆದು, ಕೊನೆಯಲ್ಲಿ ಲಿಪಿಕಾರ ಎಂಬ ಅರ್ಥದ ಪದವನ್ನು ಮಾತ್ರ ಖರೋಷ್ಠಿಯಲ್ಲಿ ಬರೆದಿದ್ದಾನೆ. ಇದರಿಂದ ಅವನು ವಾಯವ್ಯ ಭಾರತದ ಲಿಪಿಯನ್ನು ಬಲ್ಲವನಾಗಿದ್ದನೆಂದು ತಿಳಿಯುತ್ತದೆ.

ಕೊಪ್ಪಳದಲ್ಲಿ ಗವಿಮಠ ಮತ್ತು ಪಾಲ್ಕಿಗುಂಡು ಎಂಬಲ್ಲಿ 1931ರಲ್ಲಿ ಎರಡು ಶಾಸನಗಳು ಗೊತ್ತಾದವು. ಪಾಲ್ಕಿಗುಂಡಿನಲ್ಲಿ ಪಲ್ಲಕ್ಕಿಯ ಮೇಲ್ಛಾವಣಿಯಂತೆ ನಿಂತ ಬಂಡೆಯ ಕೆಳಗೆ ಬರಹವಿದೆ. ಬಳ್ಳಾರಿ ಜಿಲ್ಲೆಯ ನಿಟ್ಟೂರು ಮತ್ತು ಉಡೇಗೋಳಗಳ ಶಾಸನಗಳು 1970ರ ದಶಕದಲ್ಲಿ ಬೆಳಕಿಗೆ ಬಂದವು. ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ 1980ರ ದಶಕದಲ್ಲಿ ದೊರೆತದ್ದು ಎರಡೂ ಬದಿಯಲ್ಲಿ ಬರಹವಿರುವ ಕಲ್ಲಿನ ಚಪ್ಪಡಿ. ಚಂದ್ರಲಾಂಬಾ ದೇವಾಲಯದ ಆವರಣದಲ್ಲಿ ಅದನ್ನು ದೇವಿಯ ಮೂರ್ತಿಯ ಪೀಠವಾಗಿ ಬಳಸಲಾಗಿತ್ತು. ಧೌಲಿ ಮತ್ತು ಜೌಗಡದಲ್ಲಿ ಮಾತ್ರವಿದ್ದವೆಂದು ಅದುವರೆಗೆ ತಿಳಿದಿದ್ದ ಪ್ರತ್ಯೇಕ ಶಾಸನಗಳು ಈ ಚಪ್ಪಡಿಯ ಮೇಲೂ ಇದ್ದವು.

ಮಸ್ಕಿ ಶಾಸನ

ಮಸ್ಕಿ ರಾಯಚೂರು ಜಿಲ್ಲೆಯಲ್ಲಿ ಲಿಂಗಸುಗೂರು ಮತ್ತು ಸಿಂಧನೂರುಗಳ ನಡುವಿನ ಪಟ್ಟಣ. ಹಿಂದೆ ಲಿಂಗಸುಗೂರು ತಾಲ್ಲೂಕಿಗೆ ಸೇರಿದ್ದ ಇದು ಈಗ ಪ್ರತ್ಯೇಕ ತಾಲ್ಲೂಕಿನ ಕೇಂದ್ರ. ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಿನ ಈ ದೋಆಬ್ ಪ್ರದೇಶವು ಚಿನ್ನದ ಅದಿರಿಗೆ ಹೆಸರಾದದ್ದು. ಹಟ್ಟಿ ಚಿನ್ನದ ಗಣಿ ಲಿಂಗಸುಗೂರು ತಾಲ್ಲೂಕಿನಲ್ಲಿಯೇ ಇದೆ. ಮಸ್ಕಿಯ ಸುತ್ತಲೂ ಪ್ರಾಚೀನ ಕಾಲದಲ್ಲಿ ಚಿನ್ನ ತೆಗೆದ ಕುರುಹುಗಳಿವೆ. ಭಾರತದ ಪ್ರಾಗಿತಿಹಾಸ ಅಧ್ಯಯನದ ಆದ್ಯನಾದ ರಾಬರ್ಟ್ ಬ್ರೂಸ್ ಫೂಟ್ ಈ ನೆಲೆಯನ್ನು 19ನೆಯ ಶತಮಾನದಲ್ಲಿಯೇ ಗಮನಿಸಿದ್ದನು. 1954ರಲ್ಲಿ ಬಿ. ಕೆ. ಥಾಪರ್ ನಡೆಸಿದ ಉತ್ಖನನದಲ್ಲಿ ತಾಮ್ರಶಿಲಾಯುಗ, ಬೃಹತ್ ಶಿಲಾಯುಗ ಹಾಗೂ ಆದಿ ಐತಿಹಾಸಿಕ ಕಾಲದ ಪದರಗಳು ದೊರೆತವು. ಅಶೋಕನ ಲಿಪಿಕಾರರು ಬರುವ ಬಹುಕಾಲ ಮೊದಲೇ ಇಲ್ಲಿ ಜನವಸತಿ ಇತ್ತು.

1915ರಲ್ಲಿ ಈ ಪ್ರದೇಶ ಹೈದರಾಬಾದ್ ನಿಜಾಮನ ಆಳ್ವಿಕೆಯಲ್ಲಿತ್ತು. ಚಿನ್ನದ ಶೋಧದಲ್ಲಿದ್ದ ಸಿ. ಬೀಡನ್ ಎಂಬ ಗಣಿ ಎಂಜಿನಿಯರ್ ದುರ್ಗದ ಗುಡ್ಡದ ಗುಹೆಯ ಬಾಯಿಯಲ್ಲಿದ್ದ ಬಂಡೆಯ ಮೇಲೆ ಅಕ್ಷರಗಳನ್ನು ಕಂಡನು. ಶಾಸನತಜ್ಞ ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಓದಿ, ಅದೇ ವರ್ಷ ಹೈದರಾಬಾದ್ ಪುರಾತತ್ವ ಗ್ರಂಥಮಾಲೆಯ ಮೊದಲ ಸಂಚಿಕೆಯಾಗಿ ಪ್ರಕಟಿಸಿದರು.

ಬಂಡೆಯ ಮೇಲಿನ ಕೆಲವು ಅಕ್ಷರಗಳು ಸವೆದುಹೋಗಿದ್ದರೂ ಆರಂಭದಲ್ಲಿಯೇ ದೇವಾನಾಂಪ್ರಿಯ ಎಂಬ ಬಿರುದಿನೊಂದಿಗೆ ಅಶೋಕ ಎಂಬ ಹೆಸರು ಉಳಿದಿತ್ತು. ಉಳಿದ ಭಾಗದಲ್ಲಿ ಅರಸನು ಬುದ್ಧನ ಅನುಯಾಯಿಯಾಗಿ ಕಳೆದ ಕಾಲ, ಸಂಘದೊಂದಿಗಿನ ಸಂಬಂಧ, ಅದರಿಂದಾದ ಪರಿಣಾಮಗಳ ವಿವರವಿದೆ. ಧಮ್ಮದಲ್ಲಿ ನಿರತರಾದರೆ ಕೆಳಸ್ತರದವರೂ ಉನ್ನತಿಯನ್ನು ಪಡೆಯಬಲ್ಲರು, ಅದು ದೊಡ್ಡವರಿಗೆ ಮಾತ್ರ ಮೀಸಲಾದುದಲ್ಲ, ಈ ಮಾತನ್ನು ಚಿಕ್ಕವರಿಗೂ ದೊಡ್ಡವರಿಗೂ ತಿಳಿಸಬೇಕು ಎಂಬುದು ಅದರ ಸಾರಾಂಶ.

ಈ ಶೋಧದ ಮಹತ್ವ ಹೆಸರಿನಲ್ಲಿದೆ. ಅದುವರೆಗೆ ತಿಳಿದಿದ್ದ ಶಾಸನಗಳಲ್ಲಿ ದೇವಾನಾಂಪ್ರಿಯ ಪ್ರಿಯದರ್ಶಿ ಎಂಬ ಬಿರುದುಗಳು ಮಾತ್ರ ಇದ್ದವು. ನಂತರ ಮಧ್ಯಪ್ರದೇಶದ ಗುಜರ್ರಾ, ಕರ್ನಾಟಕದ ನಿಟ್ಟೂರು ಮತ್ತು ಉಡೇಗೋಳಗಳಲ್ಲಿಯೂ ಅಶೋಕನ ಹೆಸರು ದೊರೆಯಿತು. ಹೆಸರಿರುವ ನಾಲ್ಕು ನೆಲೆಗಳಲ್ಲಿ ಮೂರು ತುಂಗಭದ್ರೆಯ ಆಸುಪಾಸಿನಲ್ಲಿವೆ. ಸುವರ್ಣಗಿರಿ ಮಸ್ಕಿಯೇ ಎಂದು ಕೆಲವು ವಿದ್ವಾಂಸರು ವಾದಿಸಿದ್ದಾರೆ. ಕೊಪ್ಪಳ ಜಿಲ್ಲೆಯ ಕನಕಗಿರಿ, ಆಂಧ್ರಪ್ರದೇಶದ ಜೊನ್ನಗಿರಿಗಳನ್ನು ಸೂಚಿಸಿದವರೂ ಇದ್ದಾರೆ.

ಕೊನೆಯ ವರ್ಷಗಳು

ಅಶೋಕನ ಕೊನೆಯ ವರ್ಷಗಳ ಬಗ್ಗೆ ಶಾಸನಗಳು ಮೌನವಾಗಿವೆ. ಅವನು ಸಂಘಕ್ಕೆ ಮಿತಿಮೀರಿ ದಾನ ಮಾಡತೊಡಗಿದಾಗ ಮಂತ್ರಿಗಳು ಬೊಕ್ಕಸವನ್ನು ತಡೆಹಿಡಿದರೆಂದೂ, ಕೊನೆಗೆ ಕೈಯಲ್ಲಿ ಉಳಿದ ಅರ್ಧ ನೆಲ್ಲಿಕಾಯಿಯನ್ನೇ ಸಂಘಕ್ಕೆ ಅರ್ಪಿಸಿದನೆಂದೂ ಅಶೋಕಾವದಾನ ಕಥಿಸುತ್ತದೆ. ಸುಮಾರು ಕ್ರಿ.ಪೂ. 232ರಲ್ಲಿ ಅವನು ಮರಣ ಹೊಂದಿದನು. ಮೊಮ್ಮಗ ದಶರಥನು ನಾಗಾರ್ಜುನಿ ಬೆಟ್ಟದ ಗುಹೆಗಳನ್ನು ಆಜೀವಿಕರಿಗೆ ದಾನ ಮಾಡಿದ ಶಾಸನಗಳಿವೆ. ಸುಮಾರು ಕ್ರಿ.ಪೂ. 185ರಲ್ಲಿ ಕೊನೆಯ ಅರಸ ಬೃಹದ್ರಥನನ್ನು ಸೇನಾಪತಿ ಪುಷ್ಯಮಿತ್ರ ಶುಂಗನು ಕೊಂದಾಗ ಮೌರ್ಯ ಸಾಮ್ರಾಜ್ಯ ಕೊನೆಗೊಂಡಿತು.

ಮರೆವು ಮತ್ತು ಮರುಶೋಧ

ಕಲ್ಲು ಉಳಿಯಿತು, ಓದುವವರು ಉಳಿಯಲಿಲ್ಲ. ಬ್ರಾಹ್ಮಿ ಲಿಪಿ ಕಾಲಕ್ರಮದಲ್ಲಿ ರೂಪಾಂತರಗೊಂಡು ಭಾರತದ ನಾನಾ ಲಿಪಿಗಳಾಗಿ ಬೆಳೆಯಿತು. ಮೂಲರೂಪವನ್ನು ಓದುವ ಪರಿಜ್ಞಾನ ನಶಿಸಿತು. ಗಿರ್ನಾರದ ಬಂಡೆಯ ಮೇಲೆಯೇ ಕ್ರಿ.ಶ. 150ರಲ್ಲಿ ರುದ್ರದಾಮನು ಬರೆಸಿದ ಶಾಸನದಲ್ಲಿ ಮೌರ್ಯ ಅಶೋಕನ ಹೆಸರಿದೆ. ಆದರೆ 14ನೆಯ ಶತಮಾನದಲ್ಲಿ ಫಿರೋಜ್ ಷಾ ತುಘಲಕ್ ತೋಪ್ರಾ ಮತ್ತು ಮೀರತ್‌ಗಳಿಂದ ಎರಡು ಕಂಬಗಳನ್ನು ದೆಹಲಿಗೆ ತರಿಸಿದಾಗ ಅವುಗಳ ಮೇಲಿನ ಬರಹವನ್ನು ಓದಬಲ್ಲ ಪಂಡಿತರು ಸಿಗಲಿಲ್ಲ. ಅಲಹಾಬಾದ್ ಸ್ತಂಭದ ಮೇಲೆ ಅಶೋಕನ ನಂತರ ಸಮುದ್ರಗುಪ್ತನ ಪ್ರಶಸ್ತಿಯೂ ಮೊಗಲ್ ಬಾದಶಹ ಜಹಾಂಗೀರನ ಬರಹವೂ ಸೇರಿದವು.

1837ರಲ್ಲಿ ಜೇಮ್ಸ್ ಪ್ರಿನ್ಸೆಪ್, ಸಾಂಚಿಯ ಕಿರು ಬರಹಗಳಲ್ಲಿ ಮತ್ತೆಮತ್ತೆ ಬರುವ ದಾನ ಎಂಬ ಪದವನ್ನು ಗುರುತಿಸಿ ಬ್ರಾಹ್ಮಿಯ ಅಕ್ಷರಗಳನ್ನು ಬಿಡಿಸಿದನು. ಕಂಬಗಳ ಪ್ರಿಯದರ್ಶಿಯನ್ನು ಅವನು ಮೊದಲು ಶ್ರೀಲಂಕಾದ ಅರಸನೆಂದು ಭಾವಿಸಿದ್ದನು. ಪಾಲಿ ವಿದ್ವಾಂಸ ಜಾರ್ಜ್ ಟರ್ನರ್ ದೀಪವಂಸದ ಆಧಾರದಿಂದ ಪ್ರಿಯದರ್ಶಿ ಎಂದರೆ ಅಶೋಕನೆಂದು ಸೂಚಿಸಿದನು. ಗ್ರಂಥವನ್ನು ಆಧರಿಸಿದ ಈ ಊಹೆಗೆ ಅರಸನದೇ ಬರಹದ ಪುರಾವೆ ಮಸ್ಕಿಯಲ್ಲಿ ದೊರೆತದ್ದು 78 ವರ್ಷಗಳ ನಂತರ.

ಪರಂಪರೆ

ಭಾರತದ ರಾಷ್ಟ್ರಧ್ವಜದ ನಡುವೆ ಇರುವ ಚಕ್ರ ಸಾರನಾಥದ ಅಶೋಕ ಸ್ತಂಭದಿಂದ ಬಂದದ್ದು. 1947ರ ಜುಲೈ 22ರಂದು ಸಂವಿಧಾನ ಸಭೆ ಈ ಧ್ವಜವನ್ನು ಅಂಗೀಕರಿಸಿತು. ಅದೇ ಸ್ತಂಭದ ಸಿಂಹ ಬೋದಿಗೆ 1950ರ ಜನವರಿ 26ರಿಂದ ರಾಷ್ಟ್ರಲಾಂಛನವಾಗಿದೆ. ಸನ್ನತಿಯ ಸಮೀಪದ ಕನಗನಹಳ್ಳಿಯ ಸ್ತೂಪದ ಉತ್ಖನನದಲ್ಲಿ ರಾಣಿ ಮತ್ತು ಪರಿಚಾರಿಕೆಯರೊಂದಿಗಿನ ಅರಸನ ಉಬ್ಬುಶಿಲ್ಪ ದೊರೆತಿದ್ದು, ಅದರ ಮೇಲೆ ಅರಸ ಅಶೋಕ ಎಂಬ ಅರ್ಥದ ಬ್ರಾಹ್ಮಿ ಬರಹವಿದೆ. ಅಶೋಕನ ನಂತರದ ಶತಮಾನಗಳಲ್ಲಿ ಕೆತ್ತಲಾದ ಈ ಶಿಲ್ಪ, ಅವನ ನೆನಪು ಕನ್ನಡ ನಾಡಿನಲ್ಲಿ ಆಗ ಜೀವಂತವಾಗಿತ್ತು ಎಂಬುದನ್ನು ತೋರಿಸುತ್ತದೆ.

ಬ್ರಾಹ್ಮಿಯ ದಕ್ಷಿಣದ ಕವಲಿನಿಂದ ಕದಂಬ ಲಿಪಿ, ಅದರಿಂದ ಹಳಗನ್ನಡ ಲಿಪಿ ಬೆಳೆದುಬಂದವು. ಲಿಂಗಸುಗೂರು, ಮಸ್ಕಿ, ಸಿಂಧನೂರುಗಳ ದಾರಿಯ ಫಲಕಗಳ ಮೇಲೆ ಇಂದು ಬರೆಯುವ ಕನ್ನಡ ಅಕ್ಷರಗಳು ದುರ್ಗದ ಗುಡ್ಡದ ಬಂಡೆಯ ಅಕ್ಷರಗಳದೇ ವಂಶಕ್ಕೆ ಸೇರಿದವು. ಮಸ್ಕಿಯ ಶಾಸನ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಸಂರಕ್ಷಣೆಯಲ್ಲಿದ್ದು, ಎರಡು ಸಾವಿರದ ಇನ್ನೂರು ವರ್ಷಗಳಿಗೂ ಹೆಚ್ಚು ಕಾಲದ ನಂತರವೂ ಅದನ್ನು ಕೊರೆದ ಜಾಗದಲ್ಲಿಯೇ ಇದೆ.